ಹಳೆಯ ಪಿಸಿಯ ಡೇಟಾ ಬಸ್ಸಿಗೆ ಯಾವ 245?

ಐಬಿಎಂ ಪಿಸಿ, ಎಕ್ಸ್‌ಟಿಗಳ 8-ಬಿಟ್ ಸ್ಲಾಟಿಗೆ ಕಾರ್ಡ್ ಕಟ್ಟುವವರು ಡೇಟಾ ಬಫರ್ ಆಗಿ, ಅಂದರೆ ಬಸ್ಸಿಗೂ ಕಾರ್ಡಿಗೂ ನಡುವೆ ನಿಲ್ಲುವ ಕೊಂಡಿಯಾಗಿ, ಹಾಕುವುದು ಸಾಮಾನ್ಯವಾಗಿ 245 ಚಿಪ್ಪನ್ನೇ. ಎಂಟು ಬಿಟ್ಟನ್ನು ಎರಡೂ ದಿಕ್ಕಿಗೆ ದಾಟಿಸುವ ಚಿಪ್ಪು ಇದು. ಎಲ್‌ಎಸ್, ಎಚ್‌ಸಿ, ಎಚ್‌ಸಿಟಿ, ಎಸಿಟಿ ಎಂದು ಇದರಲ್ಲಿ ಹಲವು ತಳಿ; ಎಲ್ಲಕ್ಕೂ 20 ಪಿನ್, ಜೋಡಣೆಯೂ ಒಂದೇ. ಹಾಗಂತ ಕೈಗೆ ಸಿಕ್ಕಿದ್ದನ್ನು ಚುಚ್ಚುವಂತಿಲ್ಲ.

ಎಚ್‌ಸಿ ಬೇಡವೇ ಬೇಡ. 5 ವೋಲ್ಟ್ ಸಪ್ಲೈನಲ್ಲಿ ಅದು ‘1’ ಎಂದು ಒಪ್ಪಲು ಸುಮಾರು 3.5 ವೋಲ್ಟ್ ಬೇಕು. ಎಲ್‌ಎಸ್ ಚಿಪ್ಪುಗಳು ಖಾತ್ರಿ ಕೊಡುವುದು 2.4ರಿಂದ 2.7 ಅಷ್ಟೆ. ಒಂದೇ ಕಾರ್ಡ್ ಇದ್ದಾಗ ಸರಿಯಾಗಿ ನಡೆದು, ಇನ್ನೆರಡು ಸೇರಿಸಿದ ದಿನ ಬಿಟ್ ತಪ್ಪುತ್ತದೆ.

ಎಚ್‌ಸಿಟಿಗೆ 2 ವೋಲ್ಟ್ ಸಾಕು, ಕರೆಂಟೂ ಕುಡಿಯುವುದಿಲ್ಲ. ಆದರೆ ಗೆರೆಯನ್ನು ‘0’ಗೆ ಇಳಿಸುವಾಗ ಅದು ಎಳೆದುಕೊಳ್ಳಬಲ್ಲದ್ದು 6 ಮಿಲಿಆಂಪ್. ಸ್ಲಾಟಿಗೆ ಎರಡು ಎಲ್‌ಎಸ್ ಇನ್‌ಪುಟ್, ತಲಾ 0.4 ಎಂದಿಟ್ಟುಕೊಂಡರೆ 5 ಸ್ಲಾಟಿನ ಪಿಸಿಗೆ 4 ಮಿಲಿಆಂಪ್, ನಡೆಯುತ್ತದೆ. 8 ಸ್ಲಾಟಿನ ಎಕ್ಸ್‌ಟಿ ತುಂಬಿದ್ದರೆ 6.4. ಗೆರೆಗೆ 4.7 ಕಿಲೋಓಮ್ ಪುಲ್‌ಅಪ್ (5 ವೋಲ್ಟಿಗೆ ಕಟ್ಟುವ ರೆಸಿಸ್ಟರ್) ಇದ್ದರೆ ಇನ್ನೂ ಒಂದು ಮಿಲಿಆಂಪ್.

ಅಲ್ಲಿಗೆ ಎಲ್‌ಎಸ್245 ಸರಿ: 24 ಮಿಲಿಆಂಪ್ ಎಳೆಯುತ್ತದೆ, ಗದ್ದಲದ ಬಸ್ಸನ್ನೂ ತಾಳಿಕೊಳ್ಳುತ್ತದೆ. ತಾನೇ 60 ಮಿಲಿಆಂಪ್ ತಿನ್ನುತ್ತದೆ ನಿಜ. ಎಕ್ಸ್‌ಟಿಯ ಪವರ್ ಸಪ್ಲೈಗೆ ಅದೇನು ಭಾರವಲ್ಲ.

ಎಸಿಟಿಗೂ 24ರ ತಾಕತ್ತಿದೆ, ಅವಸರ ಮಾತ್ರ ಜಾಸ್ತಿ. ಎಂಟೂ ಬಿಟ್ ಒಮ್ಮೆಗೇ ಕೆಳಗಿಳಿದಾಗ ಮೂಲೆಯಲ್ಲಿರುವ ಒಂದೇ ಗ್ರೌಂಡ್ ಪಿನ್ನಿನ ವೋಲ್ಟೇಜ್ ಎಗರುತ್ತದೆ, ಪಕ್ಕದ ಗೆರೆಗಳಲ್ಲಿ ಸುಳ್ಳು ಪಲ್ಸ್ ಏಳುತ್ತದೆ. 4.77 ಮೆಗಾಹರ್ಟ್ಸ್ ಯಂತ್ರಕ್ಕೆ ಈ ವೇಗ ಯಾತಕ್ಕೆ? ಹಾಕಲೇಬೇಕಾದರೆ ಪ್ರತಿ ಗೆರೆಗೂ 33 ಓಮ್ ರೆಸಿಸ್ಟರ್ ಸೀರೀಸ್‌ನಲ್ಲಿ ಕೊಡಿ. 20ನೇ ಪಿನ್ನಿಗೆ ಒತ್ತಿಕೊಂಡಂತೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಯಾವ ಚಿಪ್ಪಿಗಾದರೂ ಬೇಕು.

ಐ/ಓ ಕಾರ್ಡಾದರೆ ಬಸ್ಸು ಎ ಬದಿಗೆ (2ರಿಂದ 9), ಐಓಆರ್ ಗೆರೆ (ಐ/ಓ ಓದಿನ ಸಂಕೇತ, ಓದುವಾಗ ‘0’) ದಿಕ್ಕು ಹೇಳುವ 1ನೇ ಪಿನ್ನಿಗೆ, ಕಾರ್ಡ್ ಸೆಲೆಕ್ಟ್ (ವಿಳಾಸ ಹೊಂದಿದೆ ಎನ್ನುವ ಸಂಕೇತ) ಬಫರನ್ನು ತೆರೆಯುವ 19ಕ್ಕೆ. ಬಸ್ಸನ್ನು ಬಿ ಬದಿಗೆ ಹಾಕಿ ಐಓಆರ್ ಹಾಗೇ ಬಿಟ್ಟರೆ, ವಿಳಾಸ ಹೊಂದಿದ ಮೆಮೊರಿ ಓದಿನಲ್ಲೂ ಬಫರ್ ಬಸ್ಸಿನ ಮೇಲೆ ಬೀಳುತ್ತದೆ. ಯಂತ್ರ ಬೂಟ್ ಆಗುವುದೇ ಇಲ್ಲ. ಸೆಲೆಕ್ಟ್‌ನಲ್ಲಿ ಎಇಎನ್ (ಡಿಎಂಎ ನಡೆಯುತ್ತಿದೆ ಎಂದು ಹೇಳುವ ಬಸ್ಸಿನ ಗೆರೆ) ಸೇರಿಸದಿದ್ದರೆ ಡಿಎಂಎ, ಅಂದರೆ ಸಿಪಿಯು ಬಿಟ್ಟು ನೇರ ನಡೆಯುವ ಡೇಟಾ ಸಾಗಣೆಯ, ನಡುವೆ ಕಾರ್ಡ್ ಮೂಗು ತೂರಿಸುತ್ತದೆ.

ಹಳೆಯ ಸ್ಟಾಕಿನಲ್ಲಿ ಹೆಸರು ಉಜ್ಜಿ ಬೇರೆ ಅಚ್ಚು ಹಾಕಿದ ಮಾಲೂ ಬರುತ್ತದೆ. ಬ್ರೆಡ್‌ಬೋರ್ಡಿನಲ್ಲಿ 1 ಮತ್ತು 20ಕ್ಕೆ 5 ವೋಲ್ಟ್, 2ರಿಂದ 10 ಮತ್ತು 19 ಗ್ರೌಂಡಿಗೆ, ಉಳಿದವನ್ನು ಹಾಗೇ ಬಿಟ್ಟು 20ನೇ ಪಿನ್ನಿನ ಕರೆಂಟ್ ಅಳೆಯಿರಿ. ಅಸಲಿ ಎಲ್‌ಎಸ್ 60ರ ಆಸುಪಾಸು ತೋರಿಸುತ್ತದೆ. ಮೀಟರ್ ಸೊನ್ನೆಯಲ್ಲೇ ಕೂತಿದ್ದರೆ ಒಳಗಿರುವುದು ಸಿಮಾಸ್, ಅಂದರೆ ಎಚ್‌ಸಿ, ಎಚ್‌ಸಿಟಿ, ಎಸಿಟಿಗಳ ಜಾತಿ.