ಪರ್ಮೆಥ್ರಿನ್ ಮುಲಾಮು: ಕೋಣೆಯವರೆಲ್ಲ ಒಂದೇ ರಾತ್ರಿ ಹಚ್ಚಿದರೆ ಮಾತ್ರ

ತುರಿಕಜ್ಜಿಗೆ ಬಳಸುವ ಪರ್ಮೆಥ್ರಿನ್ 5% ಮುಲಾಮಿಗೆ ನಾನು 5ಕ್ಕೆ 4 ಅಂಕ ಕೊಡುತ್ತೇನೆ. ಔಷಧ ಚೆನ್ನಾಗಿದೆ. ಆದರೆ ಮನೆಯಲ್ಲಿ ಒಬ್ಬರಿಗಷ್ಟೇ ತಂದು, ಕೆರೆಯುವ ಕಡೆ ಮಾತ್ರ ಸವರುವ ಯೋಚನೆಯಿದ್ದರೆ ಆ ದುಡ್ಡು ನೀರಿಗೆ ಹಾಕಿದ ಹಾಗೆ.

ನಾನು ಗದಗ ಕಡೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ವಾರ್ಡನ್. ದೀಪಾವಳಿ ರಜೆ ಮುಗಿಸಿ ಮಕ್ಕಳು ಮರಳಿದ ಮೇಲೆ ಚಳಿ ಶುರುವಾಗುತ್ತದೆ, ಒಂದೇ ಕೌದಿಯೊಳಗೆ ಇಬ್ಬರು ಮೂವರು ಮಲಗುತ್ತಾರೆ. ಕಜ್ಜಿ ಹರಡುವುದಕ್ಕೆ ಅಷ್ಟು ಸಾಕು. ಬೆರಳ ಸಂದು, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ, ಲಂಗದ ಲಾಡಿ ಕಟ್ಟುವ ಜಾಗ, ಇಲ್ಲೆಲ್ಲ ಸಣ್ಣ ಗುಳ್ಳೆ. ಹಗಲು ಹೇಗೋ ತಡೆಯಬಹುದು, ರಾತ್ರಿ ಮೈ ಬೆಚ್ಚಗಾದಂತೆ ಕೆರೆತ ಜೋರಾಗುತ್ತದೆ. ಕೊಳಕಿನಿಂದ ಬರುವ ರೋಗ ಎಂದು ಆ ಮಕ್ಕಳನ್ನು ದೂರ ಕೂರಿಸುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದಿನಾ ಸ್ನಾನ ಮಾಡುವ ಮಗುವಿಗೂ ಇದು ಅಂಟುತ್ತದೆ.

ಕಾರಣ ಒಂದು ನುಸಿ. ಅರ್ಧ ಮಿಲಿಮೀಟರ್ ಕೂಡ ಇಲ್ಲ. ಹೆಣ್ಣು ನುಸಿ ಚರ್ಮದ ಮೇಲ್ಪದರವನ್ನು ಕೊರೆದು ಒಳಹೋಗಿ ದಿನಕ್ಕೆ 2–3 ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ ಒಬ್ಬರ ಮೈಮೇಲೆ ಇರುವುದು 10–15 ನುಸಿ ಅಷ್ಟೇ. ಆದರೆ ಮೊದಲ ಸಲ ಅಂಟಿಸಿಕೊಂಡವರಿಗೆ 4ರಿಂದ 6 ವಾರದವರೆಗೆ ಕೆರೆತವೇ ಇರುವುದಿಲ್ಲ. ನುಸಿ ಮೈಮೇಲಿದ್ದರೂ ಗೊತ್ತಾಗದೆ ಪಕ್ಕದವರಿಗೆ ದಾಟಿಸುತ್ತಿರುತ್ತಾರೆ. ಹಾಗಾಗಿಯೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಬಂದು ನೋಡಿದಾಗ, ಕೆರೆತ ಇದ್ದವರು ಇಲ್ಲದವರು ಎಂದು ನೋಡದೆ ಇಡೀ ಕೋಣೆಗೆ, ಅಡುಗೆಯವರಿಗೆ, ನನಗೂ ಬರೆದುಕೊಟ್ಟರು.

ಹಚ್ಚುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ಔಷಧದ ಗುಣವೆಲ್ಲ ಅದರಲ್ಲೇ ಇದೆ. ಊಟವಾದ ಮೇಲೆ, ಉಗುರು ಕತ್ತರಿಸಿ, ಮೈ ತಣ್ಣಗೆ ಒಣಗಿರುವಾಗ ಹಚ್ಚಬೇಕು. ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದು ಅಂಗುಲವೂ ಬಿಡುವಂತಿಲ್ಲ: ಉಗುರಿನ ಅಡಿ, ಕಾಲ್ಬೆರಳ ಸಂದು, ತೊಡೆಸಂದು, ಪೃಷ್ಠ. ಬೆನ್ನಿಗೆ ಒಬ್ಬರಿಗೊಬ್ಬರು ಹಚ್ಚಬೇಕು. ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. 8ರಿಂದ 14 ಗಂಟೆ ಮೈಮೇಲಿದ್ದು ಬೆಳಿಗ್ಗೆ ಸ್ನಾನ. ಒಂದು ವಾರ ಕಳೆದು ಇದೇ ಕೆಲಸ ಇನ್ನೊಮ್ಮೆ, ಏಕೆಂದರೆ ಮೊದಲ ಸಲ ಉಳಿದುಕೊಂಡ ಮೊಟ್ಟೆಗಳಿಂದ ಮರಿ ಹೊರಬಂದಿರುತ್ತವೆ. ಕೆರೆತ ಕಡಿಮೆಯಾಯಿತೆಂದು ಈ ಎರಡನೇ ಸರದಿಯನ್ನು ಬಿಡುವವರೇ ಹೆಚ್ಚು. ನಾವು ತಾರೀಖನ್ನು ನೋಟಿಸ್ ಬೋರ್ಡಿನಲ್ಲೇ ಬರೆದು ಹಾಕುತ್ತೇವೆ.

ಮುಲಾಮು ಬಿಳಿ, ಜಿಡ್ಡಿಲ್ಲ, ವಾಸನೆಯೂ ಇಲ್ಲವೆನ್ನುವಷ್ಟು. ಗೀರಿದ ಜಾಗದಲ್ಲಿ ತುಸು ಚುರುಗುಟ್ಟುತ್ತದೆ, ಬೇಗ ನಿಲ್ಲುತ್ತದೆ. ಹಿಂದೆ ಕೊಡುತ್ತಿದ್ದ ಬೆಂಜೈಲ್ ಬೆಂಜೊಯೇಟ್ ಲೋಷನ್‌ಗೆ ಹೋಲಿಸಿದರೆ ಇದು ತಾಯಿಯ ಕೈ. ಅದನ್ನು ಕಂಡರೆ ಸಣ್ಣ ಹುಡುಗಿಯರು ಅಳುತ್ತಿದ್ದರು. ಗಂಧಕದ ಮುಲಾಮು ನಾರುತ್ತದೆ, ಬಟ್ಟೆಗೆ ಕಲೆ ಮಾಡುತ್ತದೆ, ಮೂರು ರಾತ್ರಿ ಸತತ ಹಚ್ಚಬೇಕು. ಆದರೂ ಅದನ್ನು ಹಳೆಯದೆಂದು ತಳ್ಳಿಹಾಕಬೇಡಿ. ಎರಡು ತಿಂಗಳೂ ತುಂಬದ ಕೂಸುಗಳಿಗೆ ಡಾಕ್ಟರು ಇಂದಿಗೂ ಅದನ್ನೇ ಹೇಳುತ್ತಾರೆ.

ಕೌದಿ, ಚಾದರ, ಬಟ್ಟೆ ಎಲ್ಲವನ್ನೂ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು. ತೊಳೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನಕ್ಕಿಂತ ಹೆಚ್ಚು ಇಟ್ಟರಾಯಿತು, ಮೈ ಬಿಟ್ಟ ನುಸಿ ಅಷ್ಟರಲ್ಲಿ ಸಾಯುತ್ತದೆ.

"ಮೇಡಂ, ಹಚ್ಚಿದ ಮ್ಯಾಲೂ ತುರಸತೈತ್ರಿ" ಎನ್ನುವ ಮಕ್ಕಳು ಪ್ರತಿ ಸಲವೂ ಇರುತ್ತಾರೆ. ನುಸಿ ಸತ್ತರೂ ಅದರ ಅವಶೇಷ ಚರ್ಮದಲ್ಲೇ ಇರುವುದರಿಂದ 2–4 ವಾರ ಕೆರೆತ ಉಳಿಯುವುದು ಸಹಜ. ಔಷಧ ಸೋತಿತೆಂದು ದಿನಾ ಹಚ್ಚಿದರೆ ಚರ್ಮ ಉರಿಯುತ್ತದೆ. ಆ ಕೆರೆತಕ್ಕೆ ಡಾಕ್ಟರು ಬೇರೆ ಮಾತ್ರೆ ಕೊಡುತ್ತಾರೆ. ಹೊಸ ಗುಳ್ಳೆ ಎದ್ದರೆ ಮಾತ್ರ ಮತ್ತೆ ತೋರಿಸಿ.

ಇನ್ನು ಕತ್ತರಿಸಿದ ಒಂದು ಅಂಕದ ಮಾತು. ನಾನು ಕೊಂಡ ಟ್ಯೂಬುಗಳಲ್ಲಿ ಸೂಚನೆಯೆಲ್ಲ ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿತ್ತು. ದೊಡ್ಡವರೊಬ್ಬರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. ಕೂಲಿಗೆ ಹೋಗುವ ಐದಾರು ಜನರ ಮನೆಗೆ ಎರಡು ಸರದಿ ಎಂದರೆ ಎಷ್ಟು ಟ್ಯೂಬು, ಲೆಕ್ಕ ಹಾಕಿ. ಅವರು ಒಂದೇ ಟ್ಯೂಬು ಕೊಂಡು ಎಲ್ಲರೂ ಚೂರುಚೂರು ಸವರಿಕೊಳ್ಳುತ್ತಾರೆ, ರಜೆಗೆ ಹೋದ ಮಗಳು ಮತ್ತೆ ಕಜ್ಜಿಯೊಂದಿಗೇ ಬರುತ್ತಾಳೆ. ಇಂಥ ಮನೆಗಳು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಬೇಕು. ಐವರ್ಮೆಕ್ಟಿನ್ ಮಾತ್ರೆಯೂ ಇದೆ, ತೂಕ ನೋಡಿ ಡಾಕ್ಟರೇ ಕೊಡಬೇಕು. 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ, ಬಸುರಿಯರಿಗೆ ಕೊಡುವುದಿಲ್ಲ. ಫಿಜಿ ದ್ವೀಪಗಳಲ್ಲಿ ಇಡೀ ಊರಿಗೇ ಈ ಮಾತ್ರೆ ಕೊಟ್ಟಾಗ ಒಂದು ವರ್ಷದಲ್ಲಿ ಕಜ್ಜಿ 32.1%ರಿಂದ 1.9%ಕ್ಕೆ ಇಳಿಯಿತೆಂದು 2015ರಲ್ಲಿ ಪ್ರಕಟವಾಯಿತು. ಪರ್ಮೆಥ್ರಿನ್ ಹಂಚಿದ ಕಡೆ 41.7%ರಿಂದ 15.8%ಕ್ಕೆ. ಹಾಸ್ಟೆಲ್‌ಗಳಿಗೂ ಹೀಗೆ ಎಲ್ಲರಿಗೂ ಒಟ್ಟಿಗೆ ಕೊಡುವ ವ್ಯವಸ್ಥೆ ಬರಲಿ ಎಂಬುದು ನನ್ನ ಬಹುದಿನದ ಆಸೆ.

ಕೊಳ್ಳುವಾಗ ಟ್ಯೂಬಿನ ಮೇಲೆ ಪರ್ಮೆಥ್ರಿನ್ ಒಂದೇ ಹೆಸರಿದೆಯೇ ನೋಡಿ. ತುರಿಕೆಗೆ ಎಂದರೆ ಸಾಕು, ಬೆಟಾಮೆಥಾಸೋನ್, ಕ್ಲೊಬೆಟಸಾಲ್‌ನಂಥ ಸ್ಟೀರಾಯ್ಡ್ ಬೆರೆತ ಮುಲಾಮನ್ನು ಕೈಗಿಡುವ ಅಂಗಡಿಗಳಿವೆ. ಕೆರೆತ ಎರಡು ದಿನ ಅಡಗುತ್ತದೆ, ನುಸಿ ಹಾಗೇ ಇರುತ್ತದೆ, ಗುಳ್ಳೆಯ ರೂಪ ಬದಲಾಗಿ ಡಾಕ್ಟರಿಗೂ ಗುರುತು ಸಿಗುವುದು ಕಷ್ಟವಾಗುತ್ತದೆ. ಕೆರೆದ ಗಾಯ ಕೀವಾಗಿದ್ದರೆ ಮುಲಾಮು ಒಂದೇ ಸಾಲದು. ಆ ಸೋಂಕು ಮೂತ್ರಪಿಂಡಕ್ಕೂ ತೊಂದರೆ ಕೊಡಬಲ್ಲದು. ಮಗುವಿನ ಮುಖ ಊದಿಕೊಂಡರೆ, ಮೂತ್ರ ಕೆಂಪಾದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.