ಮೆದುಳಿಗೆ ಪೆಟ್ಟಾದವರ ನಿದ್ದೆ: ಪ್ರಶ್ನಾವಳಿಯೋ, ಕೈಗೆ ಕಟ್ಟುವ ಸಾಧನವೋ, ಲ್ಯಾಬೋ?

ಮೆದುಳಿಗೆ ಪೆಟ್ಟಾದವರ ನಿದ್ದೆ ಹೇಗಿದೆ ಅಂತ ಅಳೆಯಲು ಸುಲಭದ ದಾರಿ ಪ್ರಶ್ನಾವಳಿ. ಪಿಟ್ಸ್‌ಬರ್ಗ್ ಪ್ರಶ್ನಾವಳಿ ಕಳೆದ ಒಂದು ತಿಂಗಳ ನಿದ್ದೆಯ ಬಗ್ಗೆ ಕೇಳುತ್ತದೆ. ಎಪ್‌ವರ್ತ್ ಅನ್ನೋ ಇನ್ನೊಂದು ಪ್ರಶ್ನಾವಳಿ ಹಗಲಿನ ತೂಕಡಿಕೆಯನ್ನು 8 ಸಂದರ್ಭಗಳಲ್ಲಿ ಅಳೆಯುತ್ತದೆ. 24ಕ್ಕೆ 10 ದಾಟಿದರೆ ತೂಕಡಿಕೆ ಜಾಸ್ತಿ ಅಂತ ಅರ್ಥ. ಆದರೆ ಪೆಟ್ಟಾದ ಮೇಲೆ ಮರೆವು ಬಂದವರಿಗೆ ಹೋದ ವಾರವೇ ನೆನಪಿರುವುದಿಲ್ಲ, ಅಲ್ವಾ? ‘ಚೆನ್ನಾಗೇ ಮಲಗ್ತೀನಿ’ ಅಂತಾರೆ, ಪಕ್ಕದಲ್ಲಿ ಕೂತ ಹೆಂಡತಿ ಇಲ್ಲ ಅಂತ ತಲೆ ಅಲ್ಲಾಡಿಸುತ್ತಾರೆ. ಮನೆಯವರನ್ನು ಕೇಳದೆ ಬರೀ ಅಂಕ ನಂಬಬೇಡಿ.

ಕೈಯ ಅಲುಗಾಟದಿಂದ ನಿದ್ದೆ ಅಂದಾಜು ಮಾಡುವ ಆಕ್ಟಿಗ್ರಫಿಗೆ ನೆನಪಿನ ಹಂಗಿಲ್ಲ. ವಾಚಿನಂಥ ಸಾಧನವನ್ನು ಒಂದೆರಡು ವಾರ ಕಟ್ಟಿಕೊಂಡರೆ ಹಗಲು-ರಾತ್ರಿಯ ಲಯ ಎಲ್ಲಿ ತಪ್ಪಿದೆ ಅಂತ ಕಾಣುತ್ತದೆ. ಆದರೆ ಕಣ್ಣು ಬಿಟ್ಟು ಸುಮ್ನೆ ಬಿದ್ದುಕೊಂಡಿದ್ದರೂ ಅದು ನಿದ್ದೆ ಅಂತಲೇ ಬರೆದುಕೊಳ್ಳಬಹುದು. ಸ್ವಾಧೀನ ಇಲ್ಲದ ಕೈಗಂತೂ ಕಟ್ಟಲೇಬೇಡಿ. ಜೊತೆಗೆ ಮನೆಯವರು ನಿದ್ದೆಯ ಡೈರಿ ಬರೆದರೆ ನನ್ನ ಮಟ್ಟಿಗೆ ಇದೇ ಒಳ್ಳೆಯ ಆಯ್ಕೆ.

ಜೋರು ಗೊರಕೆ, ನಡುವೆ ಉಸಿರು ನಿಲ್ಲುವುದು ಇದ್ದರೆ ಮಾತ್ರ ಕಾಯಬೇಡಿ, ನೇರ ಪಾಲಿಸೋಮ್ನೋಗ್ರಫಿ, ಅಂದರೆ ಲ್ಯಾಬಿನ ನಿದ್ದೆ ಪರೀಕ್ಷೆ. ತಲೆಗೆ, ಎದೆಗೆ ವೈರು ಅಂಟಿಸಿಕೊಂಡು ಒಂದು ರಾತ್ರಿ ಲ್ಯಾಬಿನಲ್ಲಿ ಮಲಗಬೇಕು. ಗಾಬರಿ, ಗೊಂದಲ ಇರುವವರಿಗೆ ಕಷ್ಟವೇ, ಆದರೆ ಸ್ಲೀಪ್ ಆಪ್ನಿಯಾವನ್ನು (ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ತೊಂದರೆ) ಪ್ರಶ್ನಾವಳಿಯಿಂದ ಖಚಿತ ಮಾಡಲು ಆಗುವುದಿಲ್ಲ.