ಕೈಯಲ್ಲಿ ಹಿಡಿಯುವ ಜಿಪಿಎಸ್: ಕಾಸರಗೋಡಿನ ಮಳೆ, ಬಿಸಿಲು ಮತ್ತು ಅಡಗಿಸಿಟ್ಟ ಡಬ್ಬಗಳು

ಮೊದಲೇ ಹೇಳಿಬಿಡುತ್ತೇನೆ. ಜಿಯೋಕ್ಯಾಶಿಂಗ್ ಆಡಲು ಬೇರೆ ಜಿಪಿಎಸ್ ಯಂತ್ರ ಬೇಕೇ ಬೇಕು ಅಂತೇನಿಲ್ಲ. ಮೊಬೈಲ್ ಸಾಕು. ಆದರೂ ನಮ್ಮ ಕಡೆ ಗುಡ್ಡೆ, ತೋಟ ಸುತ್ತುವವರಿಗೆ ಬಟನ್ ಇರುವ ಈ ಹಳೇ ಮಾದರಿಯ ಯಂತ್ರ ಇನ್ನೂ ಪ್ರಯೋಜನಕ್ಕೆ ಬರುತ್ತದೆ. ನನ್ನದು ಸೆಕೆಂಡ್ ಹ್ಯಾಂಡ್ ಮಾಲು. ಹಲವು ಮಳೆಗಾಲ ಕಂಡಿದೆ. ಕಂಪನಿ ಹೆಸರು ಬೇಡ, ಈ ದರ್ಜೆಯವೆಲ್ಲ ಹೆಚ್ಚುಕಡಿಮೆ ಒಂದೇ ತರ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಯಾರೋ ಒಂದು ಡಬ್ಬ ಅಡಗಿಸಿ, ಅದರ ಅಕ್ಷಾಂಶ ರೇಖಾಂಶವನ್ನು ಆ್ಯಪ್‌ನಲ್ಲಿ ಹಾಕುತ್ತಾರೆ. ನಾವು ಹುಡುಕಿ, ಒಳಗಿರುವ ಚೀಟಿಯಲ್ಲಿ ಹೆಸರು, ತಾರೀಕು ಬರೆದು, ಇದ್ದ ಹಾಗೇ ವಾಪಸ್ ಇಡಬೇಕು. ಮೊದಲೆಲ್ಲ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕಂತಲೇ ಕೆಡಿಸಿ ಕೊಡುತ್ತಿತ್ತು. ನೂರು ಮೀಟರ್ ತನಕ ತಪ್ಪುತ್ತಿತ್ತು. 2000ದ ಮೇ ತಿಂಗಳ ಶುರುವಿನಲ್ಲಿ ಅದನ್ನು ನಿಲ್ಲಿಸಿದರು. ಮೇ 3ಕ್ಕೇ ಡೇವ್ ಅಲ್ಮರ್ ಎಂಬವರು ಒರೆಗಾನ್‌ನಲ್ಲಿ ಒಂದು ಬಕೆಟ್ ಅಡಗಿಸಿಟ್ಟು, ಹುಡುಕಿ ನೋಡೋಣ ಎಂದರು. ಆಟ ಹುಟ್ಟಿದ್ದು ಹಾಗೆ. ಆ ಬಕೆಟ್ ಅರ್ಧ ಮಣ್ಣಿನೊಳಗಿತ್ತು. ಈಗಿನ ನಿಯಮದಲ್ಲಿ ಜಾಗದ ಯಜಮಾನರ ಒಪ್ಪಿಗೆ ಇಲ್ಲದೆ ಡಬ್ಬ ಇಡಲು ನೆಲ ಅಗೆಯುವಂತಿಲ್ಲ.

ಯಂತ್ರದ ಗುಣ ಹೇಳುವುದಾದರೆ ಮೊದಲು ಪರದೆ. ನೆತ್ತಿ ಸುಡುವ ಬಿಸಿಲಲ್ಲೂ ಓದಬಹುದು. ಬಿಸಿಲು ಜಾಸ್ತಿಯಾದಷ್ಟೂ ಚೆನ್ನಾಗಿ ಕಾಣುತ್ತದೆ. ಎರಡನೆಯದು ಬಟನ್. ಜುಲೈಯಲ್ಲಿ ಕೈ ಒದ್ದೆ, ಪರದೆ ಒದ್ದೆ. ಮೊಬೈಲ್ ತಾನಾಗಿ ಯಾರಿಗೋ ಫೋನ್ ಹಚ್ಚುತ್ತದೆ. ಇದಕ್ಕೆ ಆ ಉಪದ್ರ ಇಲ್ಲ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ ಯಂತ್ರದ ಪೆಟ್ಟಿಗೆಯ ಮೇಲೆ ಬರೆದಿದೆ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಈ ಮಾತು ಸುಮ್ನೆ ಅಲಂಕಾರಕ್ಕಲ್ಲ. ಎರಡು ಪೆನ್ ಸೆಲ್ ಹಾಕಿದರೆ ಇಡೀ ದಿನ ಓಡುತ್ತದೆ. ಮುಗಿದರೆ ಬದಿಯಡ್ಕದಲ್ಲೂ ಸಿಗುತ್ತದೆ, ಪೆರ್ಲದಲ್ಲೂ ಸಿಗುತ್ತದೆ.

ಹೊಸಬರು ಒಂದು ವಿಷಯ ಗಮನಿಸಬೇಕು. ಈ ಆಟದಲ್ಲಿ ಅಂಕಿ ಬರೆಯುವುದು ಡಿಗ್ರಿ ಮತ್ತು ಮೂರು ದಶಮಾಂಶ ಸ್ಥಾನದ ಮಿನಿಟ್‌ನಲ್ಲಿ. ಕೊನೆಯ ಅಂಕಿ ಒಂದು ಬದಲಾದರೆ ಉತ್ತರ ದಕ್ಷಿಣಕ್ಕೆ ಸುಮಾರು 1.85 ಮೀಟರ್ ವ್ಯತ್ಯಾಸ. ಇನ್ನು ನಮ್ಮಲ್ಲಿ ಒಂದು ವಿಶೇಷ ಇದೆ. 75 ಡಿಗ್ರಿ ರೇಖಾಂಶ ಕಾಸರಗೋಡು ಪೇಟೆಯ ಸ್ವಲ್ಪ ಪೂರ್ವಕ್ಕೇ ಹಾದುಹೋಗುತ್ತದೆ. ಪೇಟೆ 74ರ ಕೊನೆಯಲ್ಲಿದೆ, ಬೇಕಲ ಕೋಟೆ 75 ದಾಟಿದೆ. 74 ಇರಬೇಕಾದಲ್ಲಿ 75 ಒತ್ತಿದರೆ ಪರದೆಯ ಬಾಣ ನಿಮ್ಮನ್ನು ನೂರು ಕಿಲೋಮೀಟರ್ ಆಚೆ ಕೊಡಗಿನ ಕಡೆಗೆ ಕರೆಯುತ್ತದೆ. ಒಂದು ಲೆಕ್ಕದಲ್ಲಿ ಒಳ್ಳೆಯದೇ, ಇಷ್ಟು ದೊಡ್ಡ ತಪ್ಪು ಕೂಡಲೇ ಗೊತ್ತಾಗುತ್ತದೆ.

ಯಂತ್ರ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂದು ತಿಳಿಯಲು ಕಳೆದ ಡಿಸೆಂಬರಿನ ಒಂದು ಭಾನುವಾರ ಸಾಕು. ಅಕ್ಕನ ಮಗಳು ಜೊತೆಗಿದ್ದಳು. ಜಾಗದ ಹೆಸರು ಹೇಳುವುದಿಲ್ಲ, ಹೇಳಿದರೆ ಆಟ ಕೆಟ್ಟಿತು.

ಮೊದಲನೆಯದು ಒಂದು ಪದವು, ಅಂದರೆ ಗುಡ್ಡೆಯ ಮೇಲಿನ ಬಯಲು. ಒಣಗಿದ ಮುಳಿಹುಲ್ಲು, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ, ಮೇಲೆ ಬರೀ ಆಕಾಶ. ಇಂಥಲ್ಲಿ ಯಂತ್ರ ರಾಜ. ಮೂರು ಮೀಟರ್ ಅಂದರೆ ಮೂರೇ ಮೀಟರ್. ಬಾಣ ತೋರಿಸಿದ್ದು ಅರ್ಧ ಕುಸಿದ ಪಾಗಾರದ (ಕಲ್ಲಿನ ಗೋಡೆಯ) ಕಡೆಗೆ. ಮುರಕಲ್ಲು ನೋಡಿದವರಿಗೆ ಗೊತ್ತು, ಹುಟ್ಟಿದಾಗಿನಿಂದಲೇ ಮೈತುಂಬಾ ತೂತು. ಯಾವ ತೂತಿಗೆ ಅಂತ ಕೈ ಹಾಕುವುದು? ಚೇಳು ಬೇರೆ ಇರುತ್ತದೆ. ನಾನು ಕೋಲು ಹುಡುಕುತ್ತಿದ್ದೆ. ಅವಳು ದೂರ ನಿಂತು ನೋಡಿ, “ಮಾವ, ಆ ಒಂದು ಕಲ್ಲಿಗೆ ಪಾಚಿಯೇ ಇಲ್ಲ” ಎಂದಳು. ಹೌದಲ್ವಾ! ಉಳಿದ ಕಲ್ಲುಗಳಿಗೆ ಮಳೆಗಾಲದ ಪಾಚಿ ಒಣಗಿ ಕಪ್ಪು ಹಿಡಿದಿತ್ತು. ಇದೊಂದು ಇನ್ನೂ ಕೆಂಪು. ಎಳೆದರೆ ಸಲೀಸಾಗಿ ಬಂತು. ಹಿಂದಿನಿಂದ ಡ್ರಿಲ್ ಹಾಕಿ ಕೊರೆದು, ಒಳಗೆ ಗಟ್ಟಿ ಪ್ಲಾಸ್ಟಿಕ್ ಕೊಳವೆ ಕೂರಿಸಿದ್ದರು. ನೀರಿನ ಬಾಟ್ಲಿ ಊದುವ ಮೊದಲು ಇರುತ್ತದಲ್ಲ, ಅದೇ. ಮುಚ್ಚಳ ಬಿಗಿ, ಚೀಟಿ ಗರಿಗರಿ.

ಎರಡನೆಯದು ಅಡಿಕೆ ತೋಟದಲ್ಲಿ. ಇಟ್ಟವರು ತೋಟದ ಯಜಮಾನರೇ, ಹಾಗಾಗಿ ಒಳಗೆ ಹೋಗಲು ಅಡ್ಡಿ ಇಲ್ಲ. ಕಷ್ಟದ ಮಟ್ಟ ಐದರಲ್ಲಿ ನಾಲ್ಕು ಎಂದು ಹಾಕಿದ್ದರು. ಇಲ್ಲಿ ಯಂತ್ರದ ಗತ್ತು ಇಳಿಯಿತು. ಸೋಗೆಯ ಅಡಿಯಲ್ಲಿ ಸಂಕೇತ ಸರಿಯಾಗಿ ಬರುವುದಿಲ್ಲ. 6 ಮೀಟರ್ ಎನ್ನುತ್ತದೆ, ನಿಂತಲ್ಲೇ 11 ಆಗುತ್ತದೆ, ಮತ್ತೆ 4. ಮೇಲಾಗಿ ನನ್ನ ಮಾದರಿಯಲ್ಲಿ ದಿಕ್ಸೂಚಿ ಇಲ್ಲ. ನಡೆದರೆ ಮಾತ್ರ ದಿಕ್ಕು, ನಿಂತರೆ ಬಾಣ ಸುಮ್ಮನೆ ಗಿರಕಿ ಹೊಡೆಯುತ್ತದೆ. ಇದಕ್ಕೊಂದು ಉಪಾಯ ಇದೆ. ಇಪ್ಪತ್ತು ಮೀಟರ್ ಹಿಂದೆ ಬಂದು ಒಮ್ಮೆ ನೇರ ನಡೆಯಿರಿ, ಇನ್ನೊಮ್ಮೆ ಅಡ್ಡದಿಂದ ನಡೆಯಿರಿ. ಎರಡು ದಾರಿ ಕೂಡುವಲ್ಲಿ ಹುಡುಕಿ.

ಕೂಡಿದ್ದು ನೀರು ಹರಿಯುವ ಕಣಿಯ ಬದಿಗೆ. ಅಲ್ಲಿ ಅಡಿಕೆ ಮರ, ಕೊಳೆತ ಹಾಳೆ, ಸಾಲಾಗಿ ಸ್ಪ್ರಿಂಕ್ಲರ್ ಪೈಪು. ಹಾಳೆ ಮಗುಚಿದೆವು, ಮರದ ಬುಡ ತಡವಿದೆವು, ಕಾಳುಮೆಣಸಿನ ಬಳ್ಳಿ ಸರಿಸಿ ನೋಡಿದೆವು. ಏನೂ ಇಲ್ಲ. ಕೊನೆಗೆ ಸುಸ್ತಾಗಿ ಕೂತಾಗ ಕಣ್ಣಿಗೆ ಬಿದ್ದದ್ದು ಒಂದು ಸ್ಪ್ರಿಂಕ್ಲರ್ ಜೆಟ್‌ನಿಂದ ಪಕ್ಕದ ಮರಕ್ಕೆ ಕಟ್ಟಿದ ಜೇಡರ ಬಲೆ. ನೀರು ಬಿಡುವ ಕಾಲ ಶುರುವಾಗಿದೆ. ಗರಗರ ತಿರುಗುವ ಜೆಟ್‌ಗೆ ಬಲೆ ನಿಲ್ಲುತ್ತದಾ? ಜೆಟ್ ತಿರುಪಿ ತೆಗೆದೆ. ಅದು ನೀರಿನ ಲೈನಿಗೆ ಸೇರಿಯೇ ಇರಲಿಲ್ಲ, ಸುಮ್ನೆ ನೆಲಕ್ಕೆ ಊರಿದ ಪೈಪು. ಒಳಗೆ ಪ್ಲಾಸ್ಟಿಕ್ ಲಕೋಟೆಯಲ್ಲಿ ಸುತ್ತಿದ ಚೀಟಿ. ಸಾಲಿನಲ್ಲಿ ಲೆಕ್ಕಕ್ಕೆ ಸರಿಯಾಗಿ ನಿಂತಿತ್ತು, ಬಣ್ಣವೂ ಅದೇ, ಎತ್ತರವೂ ಅದೇ. ಇಂಥದ್ದನ್ನು ಯೋಚಿಸಿ ಇಟ್ಟವರಿಗೆ ನಮಸ್ಕಾರ ಹೇಳಬೇಕು. ಪೊದೆಯೊಳಗೆ ಡಬ್ಬ ಬಿಸಾಡಿ ಕಷ್ಟ ಐದು ಅಂತ ಹಾಕುವವರೂ ಇದ್ದಾರೆ. ಅದರಲ್ಲಿ ಜಾಣತನ ಎಂತ ಉಂಟು?

ಮೂರನೆಯದು ರಸ್ತೆ ಬದಿಯ ಬಸ್ ತಂಗುದಾಣ. ಕಬ್ಬಿಣದ ಕಂಬಕ್ಕೆ ಸಾಲು ಬೋಲ್ಟ್, ಅದರಲ್ಲೊಂದು ಅಯಸ್ಕಾಂತದಿಂದ ಅಂಟಿದ ಸುಳ್ಳು ಬೋಲ್ಟ್. ಹುಡುಕುವುದು ಸುಲಭ, ಜನರ ಕಣ್ಣು ತಪ್ಪಿಸುವುದು ಕಷ್ಟ. ಕೂತಿದ್ದ ಅಜ್ಜರೊಬ್ಬರು ತುಂಬಾ ಹೊತ್ತು ನೋಡಿ, “ಎಂತ ಹುಡುಕುದು ನೀವು? ನಿಧಿಯಾ?” ಎಂದರು. ನಮ್ಮ ಊರಲ್ಲಿ ಕೈಯಲ್ಲಿ ಯಂತ್ರ ಹಿಡಿದು ನೆಲ ನೋಡುವವರ ಮೇಲೆ ಈ ಅನುಮಾನ ಸಹಜ. ಮೊಬೈಲ್ ಆದರೆ ಯಾರೂ ಕೇಳುವುದಿಲ್ಲ. ಇಲ್ಲಿ ಮೊಬೈಲ್‌ಗೇ ಪೂರ್ತಿ ಅಂಕ. ನಾನು ಸತ್ಯವನ್ನೇ ಹೇಳಿದೆ, ಅಗೆಯುವ ಆಟ ಅಲ್ಲ ಅಂತಲೂ ಹೇಳಿದೆ. ಬೋಲ್ಟ್ ಬಿಚ್ಚಿ ಬೆರಳಿನಷ್ಟು ಅಗಲದ ಸುರುಳಿ ಚೀಟಿ ತೋರಿಸಿದೆ. ಅವರು ಅದನ್ನು ತಿರುಗಿಸಿ ನೋಡಿ, “ಇಷ್ಟಕ್ಕೆ ಪೆಟ್ರೋಲ್ ಸುಟ್ಟದ್ದಾ ಮಾರಾಯ್ರೆ!” ಎಂದರು.

ಹೆದ್ದಾರಿ 66ರ ಬದಿಯವನ್ನು ಹುಡುಕುವ ಮೊದಲು ಹಿಂದಿನವರು ಆ್ಯಪ್‌ನಲ್ಲಿ ಹಾಕಿದ ಟಿಪ್ಪಣಿ ಓದಿ. ರಸ್ತೆ ಅಗಲ ಮಾಡುವಾಗ ಮರ, ಮೋರಿ, ಮೈಲುಗಲ್ಲು ಎಲ್ಲ ಹೋಗಿವೆ. ಸುರಂಗದೊಳಗೆ ಹುಡುಕಲು ಹೋಗಬೇಡಿ. ಅದು ನೀರಿಗಾಗಿ ಗುಡ್ಡೆ ಕೊರೆದ ದಾರಿ. ಒಳಗೆ ಉಪಗ್ರಹದ ಸಂಕೇತ ಬರುವುದಿಲ್ಲ, ಗಾಳಿಯೂ ಕಡಿಮೆ.

ಯಂತ್ರದ ಮೇಲೆ ದೂರುಗಳೂ ಇವೆ. ಕನ್ನಡ ಅಕ್ಷರ ಬರುವುದಿಲ್ಲ, ಚೌಕ ಚೌಕ ಕಾಣುತ್ತದೆ. ಹೊಸ ಡಬ್ಬಗಳ ಮಾಹಿತಿಯನ್ನು ಮನೆಯಲ್ಲೇ ಕಂಪ್ಯೂಟರಿಗೆ ಸಿಕ್ಕಿಸಿ ತುಂಬಿಸಿಕೊಳ್ಳಬೇಕು. ಹೊಸ ಮೊಬೈಲ್‌ಗಳಲ್ಲಿ ಕೆಲವು ಎರಡು ತರಂಗಾಂತರದ ಸಂಕೇತ ಹಿಡಿಯುತ್ತವೆ, ಮರದಡಿಯಲ್ಲಿ ನನ್ನ ಯಂತ್ರಕ್ಕಿಂತ ಅವೇ ವಾಸಿ. ಹಾಗಾಗಿ ಹೊಸತಕ್ಕೆ ಪೂರ್ತಿ ದುಡ್ಡು ಸುರಿಯಿರಿ ಎಂದು ಹೇಳಲಾರೆ. ಹಳೆಯದು ಅಗ್ಗಕ್ಕೆ ಸಿಕ್ಕಿದರೆ ತೆಗೆದುಕೊಳ್ಳಿ. ಆದರೆ ದುಡ್ಡು ಕೊಡುವ ಮೊದಲು ಬ್ಯಾಟರಿ ಮುಚ್ಚಳ ತೆರೆದು ಸ್ಪ್ರಿಂಗ್‌ನಲ್ಲಿ ಹಸಿರು ಕಿಲುಬು ಇದೆಯಾ, ಸುತ್ತಲಿನ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ. ರಬ್ಬರ್ ಹೋಗಿದ್ದರೆ ಜೂನ್‌ನ ಮೊದಲ ವಾರಕ್ಕೇ ಅದರ ಕಥೆ ಮುಗಿಯಿತು.